ಹೊಗೆ ಕಂಡರೆ ಇಳಿಯುತ್ತೇನೆ

ಲಕ್ಷ್ಮಿದೇವಿಯ ಕೈಯಲ್ಲಿದ್ದ ಬಿಸಿ ರೊಟ್ಟಿ ತಟ್ಟೆಗೆ ಬೀಳಲೇ ಇಲ್ಲ.

ಆ ದನಿ...

ಗೋಡೆ ಬದಿಯ ಮೇಜಿನಲ್ಲಿ ಇಬ್ಬರು ನರೆಗೂದಲಿನ ಗಂಡಸರು ಕೂತಿದ್ದರು. ಕೋಡಿಹಳ್ಳಿಯ ಅವಳ ಖಾನಾವಳಿಗೆ ಇಬ್ಬರೂ ಹೊಸಬರು. ನಾಳೆ ಕಳೆದರೆ ಪ್ಯಾಸೆಂಜರ್ ವಿಮಾನಗಳೆಲ್ಲ ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೋಗಲಿದ್ದವು, ಪಕ್ಕದ ಹಳೇ ಏರ್‌ಪೋರ್ಟ್ ಖಾಲಿಯಾಗಲಿತ್ತು. ಅದಕ್ಕೇ ಈ ವಾರವೆಲ್ಲ ಇಂಥವರೇ ಬರುತ್ತಿದ್ದರು. ನಿವೃತ್ತ ಪೈಲಟ್‌ಗಳು, ಸದ್ದು ಕೇಳಿಯೇ ಯಾವ ವಿಮಾನವೆಂದು ಜಗಳಕ್ಕೆ ಬೀಳುವವರು.

"ಪಿಳ್ಳಪ್ಪ ನೆನಪಿದ್ದಾನೇನೋ ಸುಗತ?" ಅವರಲ್ಲೊಬ್ಬ, ಶಿವಾಜಿನಗರದ ಮುನೀರ್, ಕೇಳುತ್ತಿದ್ದ. "ಗಾಳಿ ತೋರಿಸೋ ಚೀಲ ಹರಿದೋಯ್ತು ಅಂತ ಕಂಬಕ್ಕೆ ಲುಂಗಿ ಕಟ್ಟಿದ್ನಲ್ಲ. ಆ ಮಳೆಗಾಲ ಪೂರ್ತಿ ನಾವು ಅವನ ಲುಂಗಿ ನೋಡ್ಕೊಂಡೇ ಇಳಿದ್ವಿ."

"ಇನ್ಸ್‌ಪೆಕ್ಷನ್ ದಿನ ಬಿಚ್ಚಿ ಉಟ್ಕೊಂಡ್ಬಿಟ್ಟ. ಕೇಳಿದ್ರೆ, ಇರೋದು ಅದೊಂದೇ, ಸಾಹೇಬರ ಮುಂದೆ ಹೆಂಗ್ ನಿಲ್ಲಲಿ ಸಾರ್ ಅಂದ."

ಸುಗತ... ಹೆಸರೂ ಅದೇ. ಲಕ್ಷ್ಮಿದೇವಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಅದೇನೂ ಅಲ್ಲ," ಸುಗತ ಮುಂದುವರಿಸಿದ. "ಯಾದಗಿರಿ ಕಡೆ ಹತ್ತಿ ಹೊಲಕ್ಕೆ ವಿಮಾನದಿಂದ ಔಷಧಿ ಹೊಡೀತಿದ್ನಲ್ಲ, ಅಲ್ಲಿ ಅಂಬಣ್ಣ ಅಂತ ವಾಚ್‌ಮನ್. ಧೋತರದ ಮೇಲೆ ಖಾಕಿ ಕೋಟು. ನಾನು ಮೇಲೆ ಕಂಡ ತಕ್ಷಣ ಸೈಕಲ್ ಹತ್ತಿ ರನ್‌ವೇ ಮೇಲಿನ ಆಡೆಲ್ಲ ಓಡಿಸೋನು. ಒಂದ್ಸಲ ಆಡು ಹೋದ್ವು, ಇವನು ಬ್ರೇಕ್ ಇಲ್ಲದೆ ನನ್ನ ಮುಂದೇನೇ ಬಂದ. ಸೈಕಲ್ ಮೇಲೆ ಕೂತೇ ಸೆಲ್ಯೂಟ್ ಬೇರೆ."

ಇಬ್ಬರೂ ಮೇಜು ತಟ್ಟಿ ನಕ್ಕರು.

ಅಂಬಣ್ಣ ಅವಳ ಅಪ್ಪ. ಅಪ್ಪ ಇವರಿಗೆ ನಗುವ ಕತೆ.

"ಸೆಲ್ಯೂಟ್ ಹೊಡೆದು ಬಿದ್ದದ್ದನ್ನೂ ಹೇಳ್ರಿ," ಅವಳೆಂದಳು. "ಆ ಮೊಣಕಾಲು ಸಾಯೋತನಕ ನೆಟ್ಟಗಾಗಲಿಲ್ಲ."

ಸುಗತ ತಿರುಗಿ ನೋಡಿದ. ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ.

"ಲಕ್ಷ್ಮೀ...?"

"ಇವರೇನಾ ಹೊಗೆ ಹುಡುಗಿ?" ಮುನೀರ್ ಎದ್ದು ನಿಂತೇಬಿಟ್ಟ.

"ನಮ್ಮ ಮನೀದೆಲ್ಲ ನಿಮಗ ಕತಿ ಆಗೇದೇನ್ರಿ?"

ಆ ಮಣ್ಣಿನ ರನ್‌ವೇಯಲ್ಲಿ ಗಾಳಿಚೀಲವಿರಲಿಲ್ಲ. ಅಂಬಣ್ಣ ಆಡು ಓಡಿಸಿದ ಮೇಲೆ ಅವನ ಮಗಳು ಬೆಂಕಿ ಮಾಡಿ ಹಸಿ ಬೇವಿನ ಸೊಪ್ಪು ಹಾಕುತ್ತಿದ್ದಳು. ಹೊಗೆ ವಾಲಿದ ಕಡೆ ಗಾಳಿ. ಹೊಗೆ ಎದ್ದಿದೆಯೆಂದರೆ ದಾರಿ ಖಾಲಿ, ಇಳಿಯಬಹುದು. ಏಳದಿದ್ದರೆ ಇಳಿಯಬಾರದು. ಹಲಸೂರಿನ ಯುವ ಪೈಲಟ್ ಸುಗತ ಒಂದು ಚಳಿಗಾಲವಿಡೀ ಅವಳ ಹೊಗೆ ನಂಬಿ ಇಳಿದಿದ್ದ.

"ನಿನ್ನ ವಿಷಯ ಯಾವತ್ತೂ ನಗೋಕೆ ಹೇಳಿಲ್ಲ," ಸುಗತ ಮೆಲ್ಲಗೆ ಹೇಳಿದ.

"ಲಗ್ನಕ್ಕ ಅಪ್ಪನ್ನ ಕೇಳಾಕ ಬರ್ತೀನಿ ಅಂದಿದ್ರಿ. ಬಂದ್ರಿ. ಮೂರು ಸುತ್ತು ಹೊಡೆದು ಹಂಗ ಹೋದ್ರಿ. ಮ್ಯಾಲಿಂದ ನೋಡಿದಾಗ ಬ್ಯಾಡನಿಸ್ತೇನು?"

"ಹೊಗೆ ಇರಲಿಲ್ಲ, ಲಕ್ಷ್ಮೀ."

"ಏನಂದ್ರಿ?"

"ಮೂರು ಸುತ್ತೂ ಅದನ್ನೇ ಹುಡುಕಿದೆ. ಹೊಗೆ ಇಲ್ಲ ಅಂದ್ರೆ ಇಳೀಬೇಡ ಅಂತ ತಾನೆ? ನಿನಗೆ ಮನಸ್ಸಿಲ್ಲ ಅಂದ್ಕೊಂಡೆ. ಮಾರನೇ ದಿನ ವಿಮಾನ ಬೇರೆ ಜಿಲ್ಲೆಗೆ ಕಳಿಸಿದ್ರು. ನಾನೂ ಹೋದೆ."

"ಸುಳ್ಳ ಹೇಳಬ್ಯಾಡ್ರಿ. ನಾನು ಬೆಂಕಿ ಹಚ್ಚಿ..."



ಅವಳು ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬದ ಮೇಲೆ ಕೂತಳು.

ಬೆಂಕಿ ಹಚ್ಚಿದ್ದು ನಿಜ. ಆದರೆ ಆವತ್ತು ಹೊಸ ಇಳಕಲ್ ಸೀರೆ ಉಟ್ಟಿದ್ದಳು, ತಲೆಗೆ ಹೂವು ಮುಡಿದಿದ್ದಳು. ಬೇವಿನ ಸೊಪ್ಪು ಹಾಕಿದರೆ ಸೀರೆ, ಕೂದಲು ಎಲ್ಲ ಹೊಗೆ ನಾತ. ಅದಕ್ಕೇ ಒಣ ತೊಗರಿ ಕಟ್ಟಿಗೆ ಮಾತ್ರ ಹಚ್ಚಿದ್ದಳು. ಧಗಧಗ ಉರಿದಿತ್ತು, ಒಂದೆಳೆ ಹೊಗೆಯಿಲ್ಲದೆ. ಹಾಡುಹಗಲಲ್ಲಿ ಮೇಲಿನವನಿಗೆ ಉರಿ ಕಾಣುವುದು ಹೇಗೆ?

ಮೂವತ್ತು ವರ್ಷ ಅವನನ್ನು ಬೈದುಕೊಂಡಿದ್ದಳು. ನಡುವೆ ಮದುವೆಯಾಗಿತ್ತು. ಗಂಡ ಒಳ್ಳೆಯವನೇ, ಬೇಗ ತೀರಿಕೊಂಡ. ಈ ಊರು, ಈ ರೊಟ್ಟಿ, ಈ ಬಾಡಿಗೆ ಕೋಣೆ. ಆದರೂ ವಿಮಾನದ ಸದ್ದು ಕೇಳಿದಾಗಲೆಲ್ಲ ಒಳಗೆ ಏನೋ ಕುಕ್ಕುತ್ತಿತ್ತು.

ಬಾಗಿಲಲ್ಲಿ ಮುನೀರ್ ಕಂಡ. "ಬೇಜಾರಾಗ್ಬೇಡಿ, ಬೆಹೆನ್. ಇವನ ಹೆಂಡ್ತಿ ಬೃಂದಾಗೂ ಇದು ಗೊತ್ತಿತ್ತು. ಇದ್ದಷ್ಟು ದಿನ ರೇಗಿಸೋಳು, ನಾಲ್ಕನೇ ಸುತ್ತು ಹೊಡೆಯೋಕೆ ಏನಾಗಿತ್ತು ನಿಮಗೆ ಅಂತ. ಪಾಪ, ಅವಳೂ ಹೋದ್ಳು."

ಅವನ ಹಿಂದೆ ಸುಗತ ನಿಂತಿದ್ದ, ಒಳಗೆ ಕಾಲಿಡದೆ.

"ನಾಳೆ ಸಂಜೆ ಈ ಕಡೆ ಬರ್ತೀವಿ," ಅವನೆಂದ. "ಹೊಗೆ ಕಂಡರೆ ಇಳೀತೀನಿ. ಇಲ್ಲದಿದ್ರೆ... ನಿನ್ನ ತಪ್ಪೇನಿಲ್ಲ."



*

ಮರುದಿನ ಸಂಜೆ ಕೋಡಿಹಳ್ಳಿಯ ತಾರಸಿಗಳ ಮೇಲೆಲ್ಲ ಜನ. ಕೊನೆಯ ವಿಮಾನಗಳಿಗೆ ಟಾಟಾ ಮಾಡಲು ಮಕ್ಕಳನ್ನು ಎತ್ತಿಕೊಂಡು ನಿಂತಿದ್ದರು.

ಲಕ್ಷ್ಮಿದೇವಿ ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು, ಹೂವು ಮುಡಿದು, ಹಳೇ ಎಣ್ಣೆ ಡಬ್ಬದಲ್ಲಿ ಕಟ್ಟಿಗೆ ತುಂಬಿಕೊಂಡು ಮೇಲೆ ಬಂದಳು. ಜೊತೆಗೆ ಒಂದು ಕಂತೆ ಬೇವಿನ ಸೊಪ್ಪು.

"ಏನಕ್ಕಾ, ಸೊಳ್ಳೆಗಾ?" ಪಕ್ಕದ ತಾರಸಿಯಿಂದ ಮುನಿಲಕ್ಷ್ಮಮ್ಮ ಕೂಗಿದಳು. "ಪಟ್ಟುಸೀರೆ ಉಟ್ಕೊಂಡು ಸೊಳ್ಳೆ ಓಡಿಸ್ತಾರಾ?"

"ಸುಮ್ನಿರವ್ವ."

ಕೆಳಗೆ ಒಂದು ಹಳೇ ಸ್ಕೂಟರ್ ಬಂತು. ಮುನೀರ್ ಓಡಿಸುತ್ತಿದ್ದ. ಹಿಂದೆ ಸುಗತ ತಲೆಯೆತ್ತಿ ಕೂತಿದ್ದ. ಬೀದಿ ದಾಟಿ ಹೋಯಿತು.

ಒಂದು ಸುತ್ತು.

ಕಟ್ಟಿಗೆ ಹಿಡಿಯಲಿಲ್ಲ. ನಿನ್ನೆಯ ಮಳೆಗೆ ತೇವವಾಗಿತ್ತು.

ಎರಡನೇ ಸುತ್ತು. ಕಡ್ಡಿ ಮೇಲೆ ಕಡ್ಡಿ ಗೀರಿದಳು.

ಮೂರನೇ ಸುತ್ತಿಗೆ ಉರಿ ಎದ್ದಿತು. ಸೊಪ್ಪು ಹಾಕುವಷ್ಟರಲ್ಲಿ ಸ್ಕೂಟರ್ ಮೂಲೆಯಲ್ಲಿ ತಿರುಗಿ ದೊಡ್ಡ ರಸ್ತೆಯ ಕಡೆ ಹೊರಟುಹೋಯಿತು.

'ಇನ್ನೊಂದೇ... ಒಂದೇ ಒಂದು ಸುತ್ತು, ಸಾಹೇಬ್ರ...'

ಇಡೀ ಕಂತೆಯನ್ನು ಬೆಂಕಿಗೆ ತುರುಕಿದಳು. ದಟ್ಟ ಬಿಳಿ ಹೊಗೆ ಭುಸ್ಸೆಂದು ಎದ್ದು ಮುಖಕ್ಕೆ, ಸೀರೆಗೆ, ಹೂವಿಗೆ ಅಡರಿತು. ಅವಳು ಹಿಂದೆ ಸರಿಯಲಿಲ್ಲ.

ಹೊಗೆಯ ಆಚೆ ಬೀದಿ ಕಾಣುತ್ತಿರಲಿಲ್ಲ. ಕಿವಿ ಮಾತ್ರ ಆ ಕಡೆ.

ಸ್ಕೂಟರ್ ಸದ್ದು... ಹತ್ತಿರ ಬಂತು. ನಿಂತಿತು.

ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆಗಳು.

"ನಾಲ್ಕನೇ ಸುತ್ತು," ಸುಗತ ಏದುಸಿರು ಬಿಡುತ್ತ ಹೇಳಿದ. ಕೆಮ್ಮಿದ. "ಸೀರೆಗೆಲ್ಲ ವಾಸನೆ ಹಿಡೀತಲ್ಲೇ."

"ಆವತ್ತು ಹಿಡೀಬಾರದು ಅಂತನೇ ಬರೀ ತೊಗರಿ ಕಟ್ಟಿಗಿ ಹಚ್ಚಿದ್ದೆ. ಹೊಸ ಸೀರಿ. ನೀವು ಬರೋರಿದ್ರಿ."



"ಬೆಂಕಿ... ಇತ್ತಾ?"

"ಇತ್ರಿ."

ಅವನು ನೀರಿನ ತೊಟ್ಟಿಯ ಕಟ್ಟೆ ಹಿಡಿದುಕೊಂಡ. ಕಣ್ಣಲ್ಲಿ ನೀರು. ಅದು ಹೊಗೆಯಿಂದಲೇ ಎಂದಿರಲಿ ಎಂದು ಅವಳು ಆ ಕಡೆ ನೋಡಲಿಲ್ಲ. ಅವಳದ್ದೂ ಅದೇ ಗತಿಯಾಗಿತ್ತು.

"ಗಾಳಿ ಹೇಗಿದೆ, ಲಕ್ಷ್ಮೀ?"

"ಪೈಲಟ್ ನೀವು. ನೀವೇ ನೋಡ್ರಿ."

ಹೊಗೆ ಅತ್ತಿತ್ತ ವಾಲದೆ ನೆಟ್ಟಗೆ ಮೇಲೇರುತ್ತಿತ್ತು.

"ಗಾಳಿ ನಿಂತಿದೆ," ಅವನೆಂದ. "ಇಳಿಯೋಕೆ ಇದಕ್ಕಿಂತ ಒಳ್ಳೇ ಹೊತ್ತಿಲ್ಲ."

ಲಕ್ಷ್ಮಿದೇವಿ ಸೆರಗಿನಿಂದ ಮುಖ ಒರೆಸಿಕೊಂಡು, ಮಸಿ ಮೆತ್ತಿದ ಕೈ ಮುಂದೆ ಚಾಚಿದಳು.

"ಮತ್ತ ಇಳೀರಿ."