ಗಡಿಯಾರ ಹಾರಿಹೋದ ಬಾಗಿಲು

“ಅಯ್ಯೋ! ಗಡಿಯಾರ! ನಮ್ಮಪ್ಪನ ಗಡಿಯಾರ!”

ವಿಮಾನ ಷೆಡ್ಡಿನ ಮುಂದೆ ಬಂದು ನಿಂತು, ಎಂಜಿನ್ ಸದ್ದಡಗಿದ ಮೇಲೆಯೇ ಪಕ್ಕದ ಸೀಟಿನಲ್ಲಿದ್ದ ಔಷಧಿ ಅಂಗಡಿಯವರು ಏನು ಕಿರುಚುತ್ತಿದ್ದಾರೆಂದು ಪುಟ್ಟಿಗೆ ಅರ್ಥವಾದದ್ದು. ಅವರ ಮಡಿಲು ಖಾಲಿಯಾಗಿತ್ತು. ಹೊರಡುವಾಗ ಅಲ್ಲೊಂದು ನೀಲಿ ಬಟ್ಟೆಯ ಚೀಲವಿತ್ತು. ಒಳಗೆ ಚೌಕಾಕಾರದ್ದೇನೋ ಇತ್ತು. ಈಗ ಚೀಲವೂ ಇಲ್ಲ, ಏನೂ ಇಲ್ಲ.

“ಚೀಲ ಎಲ್ಲಿ ಸಾರ್?”

“ನನ್ನ ಕೇಳ್ತೀಯಾ? ಬಾಗಿಲು ಹಾಕೋಕೆ ಬರದೋಳು ವಿಮಾನ ಯಾಕೆ ಓಡಿಸ್ತೀಯ? ಮನೆ ಬಾಗಿಲ ಹಾಗೆ ಪೂರ್ತಿ ತೆರ್ಕೊಂಡುಬಿಡ್ತು! ನಾನೇ ಬಿದ್ದುಹೋಗ್ತಿದ್ದೆ. ಚೀಲ ಜಾರಿ ಹೋಯ್ತು — ಕೆರೆಯೊಳಕ್ಕೆ!”

ಪುಟ್ಟಿ ಅಂದರೆ ಆ ವಿಮಾನದ ಪೈಲಟ್. ಆಳು ಕುಳ್ಳಗೆ. ಕೂರಲು ಅಡಿಗೊಂದು, ಬೆನ್ನಿಗೊಂದು ದಿಂಬು ಇಟ್ಟುಕೊಂಡರೆ ಮಾತ್ರ ಮುಂದಿನ ಗಾಜಿನಲ್ಲಿ ದಾರಿ ಕಾಣುತ್ತಿತ್ತು. ಷೆಡ್ಡಿನ ಮೆಕ್ಯಾನಿಕ್ ಮಾಮ ತಮಾಷೆಗೆ ಇಟ್ಟ ಹೆಸರು ಎಲ್ಲರ ಬಾಯಲ್ಲೂ ಉಳಿದುಬಿಟ್ಟಿತ್ತು.

ನಡೆದದ್ದು ಇಷ್ಟು. ನಾಲ್ಕು ಸೀಟಿನ ಪುಟಾಣಿ ವಿಮಾನ, ಅದಕ್ಕೆ ಬಲಗಡೆ ಒಂದೇ ಬಾಗಿಲು. ನೆಲ ಬಿಟ್ಟು ಮೇಲೇರಿ, ಕೆರೆಯ ಮೇಲೆ ತಿರುವು ತೆಗೆದುಕೊಳ್ಳುತ್ತಿದ್ದಾಗ ಬಾಗಿಲು ಢಬ್ ಎಂದು ಬಿಟ್ಟುಕೊಂಡಿತು. ಗಾಳಿ ಭೋರೆಂದು ಒಳಗೆ ನುಗ್ಗಿತು. ಇಂಥ ಹೊತ್ತಿನಲ್ಲಿ ಬಾಗಿಲು ಹಾಕಲು ಕೈಚಾಚಿ, ವಿಮಾನವನ್ನೇ ಕೈಬಿಟ್ಟು ನೆಲಕಚ್ಚಿದವರ ಕಥೆಗಳನ್ನು ಪುಟ್ಟಿ ಬೇಕಾದಷ್ಟು ಕೇಳಿದ್ದಳು. ಬಾಗಿಲು ಅದರ ಪಾಡಿಗೆ ಅದು ಬಡಕೊಳ್ಳಲಿ, ಮೊದಲು ವಿಮಾನ ನೋಡು — ಕಲಿಸಿದ ಗುರುಗಳ ಮಾತು. ಅವಳು ಆ ಕಡೆ ಕತ್ತು ಹೊರಳಿಸಲಿಲ್ಲ. ವೇಗ ತಗ್ಗಿಸಿ, ವಿಮಾನದ ಮೂಗು ನೆಟ್ಟಗಿಟ್ಟು, ನಿಧಾನವಾಗಿ ಸುತ್ತು ಹಾಕಿ ಬಂದು ಇಳಿಸಿದಳು. ಶಭಾಷ್ ಎನ್ನಬೇಕಾದ ಕೆಲಸ. ಶಭಾಷ್ ಅನ್ನುವವರು ಮಾತ್ರ ಅಲ್ಲಿ ಯಾರೂ ಇರಲಿಲ್ಲ.

ಫ್ಲೈಯಿಂಗ್ ಕ್ಲಬ್ಬಿನ ಯಜಮಾನರು ಚಪ್ಪಲಿ ಎಳೆದುಕೊಂಡು ಓಡಿಬಂದರು.

“ಚಿಲಕ ಹಾಕಿದ್ಯಾ?”

“ಹಾಕಿದ್ದೆ ಸಾರ್... ಹಾಕಿರ್ತೀನಿ.”

“ಹಾಕಿದ್ಯೋ, ಹಾಕಿರ್ತೀಯೋ?”

ದಿನಾ ಮಾಡುವ ಕೆಲಸ ಯಾರಿಗೆ ನೆನಪಿರುತ್ತದೆ? ಪಕ್ಕದವರ ಮೇಲಿಂದ ಬಾಗಿ ಚಿಲಕ ಹಾಕುವುದು, ಬಾಗಿಲಿನ ಮೂಲೆಗೆ ಅಂಗೈಯಿಂದ ಒಂದು ಸಲ ತಟ್ಟುವುದು. ಅದು ಆ ಕ್ಲಬ್ಬಿನವರೆಲ್ಲರ ಅಭ್ಯಾಸ. ಆವತ್ತು ತಟ್ಟಿದ್ದಳೇ? ಕೈಗೆ ಗೊತ್ತು, ತಲೆಗೆ ಗೊತ್ತಿಲ್ಲ.

“ಕೀ ಕೊಡು,” ಯಜಮಾನರು ಕೈ ಚಾಚಿದರು. “ನಾಳೆ ತನಿಖೆಗೆ ಬರ್ತಾರೆ. ತಪ್ಪು ನಿಂದೇ ಅಂತ ಆದ್ರೆ ಲೈಸೆನ್ಸ್ ಹೋಯ್ತು ಅಂತ ತಿಳ್ಕೋ. ನಾನಂತೂ ಅಡ್ಡ ಬರಲ್ಲ.”

ಪುಟ್ಟಿ ವಿಮಾನದ ಕೀ ಕೊಟ್ಟಳು. ಈ ಕೆಲಸ ಬಿಟ್ಟರೆ ಅವಳಿಗೆ ಬೇರೆ ಯಾವ ಕೆಲಸವೂ ಬೇಕಿರಲಿಲ್ಲ.

ಅವತ್ತು ಬೆಳಿಗ್ಗೆ ಚಿಲಕಕ್ಕೆ ಎಣ್ಣೆ ಬಿಟ್ಟವರು ಮೆಕ್ಯಾನಿಕ್ ಮಾಮ. ಎಣ್ಣೆ ಹೆಚ್ಚಾಗಿ ಜಾರಿತೇ? ಪುಟ್ಟಿ ಅವರನ್ನು ಓರೆಗಣ್ಣಿನಲ್ಲಿ ನೋಡಿದಳು. ಹುಡುಗಿ ಮೈಮರೆತು ನನ್ನ ತಲೆ ಮೇಲೆ ಗೂಬೆ ಕೂರಿಸುತ್ತಾಳೋ ಎಂದು ಮಾಮ ಅವಳನ್ನು ನೋಡಿದರು. ದಿನಾ ಒಂದೇ ಬೆಂಚಿನಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದವರು ಅಂದು ಮಧ್ಯಾಹ್ನ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತು ಉಂಡರು.

ಮರುದಿನ ಬಂದವರು ಹಾರಾಟ ಸುರಕ್ಷತಾ ಕಚೇರಿಯ ಅಧಿಕಾರಿ. ದಪ್ಪ ಕನ್ನಡಕ, ಬಿಳಿ ಕೂದಲು, ಹೆಗಲಿಗೆ ಜೋಳಿಗೆ. ಎಲ್ಲರೂ ಅವರನ್ನು ಬೆನ್ನ ಹಿಂದೆ ಸೂಜಿ ಮೇಡಂ ಅನ್ನುತ್ತಿದ್ದರು. ಕೇಳುವ ಪ್ರಶ್ನೆ ಸಣ್ಣದು, ಚುಚ್ಚುವುದು ಆಳಕ್ಕೆ.

ಬಂದವರೇ ಬಾಗಿಲನ್ನು ತೆಗೆದರು, ಹಾಕಿದರು. ಚಿಲಕ ಕಟಕ್ ಎಂದು ಕೂತಿತು. ಆಮೇಲೆ ಮಾಮನ ಕಡೆ ತಿರುಗಿದರು.

“ಎಣ್ಣೆ ಬಿಟ್ಟೋರು ನೀವಾ?”

“ಹೌದು ತಾಯಿ. ಹನಿ ಬಿಟ್ಟು ಒರೆಸಿದೀನಿ. ಬೇಕಾದ್ರೆ ಮುಟ್ಟಿ ನೋಡಿ, ಬೆರಳಿಗೆ ಜಿಡ್ಡು ಹತ್ತಲ್ಲ.”

“ಅಂಗಡಿಯವರು ಹತ್ತುವಾಗ ಜೊತೆಗಿದ್ರಾ?”

“ಇದ್ದೆ. ರೆಕ್ಕೆ ಮೇಲೆ ಕಾಲಿಟ್ಟು ಹತ್ತಬೇಕಲ್ಲ, ಚೀಲ ನಾನು ಹಿಡ್ಕೋತೀನಿ ಅಂದೆ. ಎಲ್ಲಿ ಕೊಡ್ತಾರೆ? ಬೇಡ ಬೇಡ ಅಂತ ಬೆರಳಿಗೆ ನೇತು ಹಾಕ್ಕೊಂಡು ಹತ್ತೇಬಿಟ್ರು.”

“ಹಿಂದಿನ ಬಾಲಕ್ಕೆ ಪೆಟ್ಟೇನಾದ್ರೂ?”

“ಒಂದು ಗೀರಿಲ್ಲ ತಾಯಿ! ಪುಟ್ಟಿ ಹೂವಿನ ಹಾಗೆ ಇಳಿಸಿದಾಳೆ.” ಅಷ್ಟು ಹೇಳಿ ಮಾಮ ಪುಟ್ಟಿಯ ಮುಖ ನೋಡಿ, ಮತ್ತೆ ತಲೆ ತಗ್ಗಿಸಿದರು.

ಔಷಧಿ ಅಂಗಡಿಯವರು ಕ್ಲಬ್ಬಿನ ಕೋಣೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಬೆರಳಲ್ಲಿ ಕೀಗೊಂಚಲು ಸುತ್ತಿಸುತ್ತಿದ್ದರು. ಅಂಗಡಿಯ ಕೀ, ಕಾರಿನ ಕೀ, ಚಿಟ್ಟೆಯ ರೆಕ್ಕೆಯಂಥ ಹಿಡಿಯ ಒಂದು ಹಿತ್ತಾಳೆ ಕೀ. ಅದರ ಗಿಲಿಗಿಲಿ ಪುಟ್ಟಿಯ ತಲೆ ತಿನ್ನುತ್ತಿತ್ತು.

“ಗಡಿಯಾರ ಎಂಥದು?” ಮೇಡಂ ಕೇಳಿದರು.

“ನಮ್ಮಪ್ಪ ಗಡಿಯಾರ ರಿಪೇರಿಯವರು. ಸ್ವಂತ ಕೈಯಲ್ಲಿ ಮಾಡಿದ್ದು. ತೇಗದ ಪೆಟ್ಟಿಗೆ, ಒಳಗೆಲ್ಲ ಹಿತ್ತಾಳೆ. ಇಷ್ಟಗಲ.” ಎರಡೂ ಕೈಯನ್ನು ಎದೆಯಗಲ ಚಾಚಿ ತೋರಿಸಿದರು.

“ಭಾರ?”

“ಭಾರ ಇರಲ್ವಾ ಮತ್ತೆ? ಗಟ್ಟಿ ಹಿತ್ತಾಳೆ ಮೇಡಂ.”

“ಯಾರಿಗೆ ಒಯ್ತಿದ್ರಿ?”

“ನನ್ನ ತಂಗಿಗೆ. ಬೆಟ್ಟದಾಚೆ ಊರಲ್ಲಿದ್ದಾಳೆ. ಅಪ್ಪ ಹೋಗುವಾಗ ಅದು ಅವಳಿಗೇ ಸೇರಬೇಕು ಅಂದ್ರು. ರಸ್ತೆ ಕುಲುಕಾಟಕ್ಕೆ ಕೆಟ್ಟುಹೋಗುತ್ತೆ ಅಂತ ವಿಮಾನ ಮಾಡಿಸಿದೆ. ಏನು ಮಾಡೋದು? ಇಂಥವರ ಕೈಗೆ ಸಿಕ್ಕಿದ್ವಿ!”

ಪುಟ್ಟಿಗೆ ಕಣ್ಣು ತುಂಬಿತು. ಅಂಗಡಿಯವರ ತಂಗಿ ಹಿಂದಿನ ಸಂಜೆ ಫೋನಿನಲ್ಲಿ ಅತ್ತಿದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು. ‘ಬೈಯೋಕೆ ಫೋನ್ ಮಾಡಿಲ್ಲಮ್ಮ. ಅಪ್ಪನ ಕೈ ಮುಟ್ಟಿದ ಹಾಗಿರ್ತಿತ್ತು, ಅಷ್ಟೇ.’ ಬೈದಿದ್ದರೇ ವಾಸಿಯಿತ್ತು.

“ಬಾಗಿಲು ಎಷ್ಟು ತೆರೀತು?”

“ಪೂರ್ತಿ! ಅಂಗಳಕ್ಕೆ ಇಳಿಯೋ ಹಾಗೆ.”

ಮೇಡಂ ಪುಟ್ಟಿಯನ್ನು ನೋಡಿದರು. “ನೀವು ನೋಡಿದ್ರಾ?”

“ಇಲ್ಲ ಮೇಡಂ. ಆ ಕಡೆ ತಿರುಗಲೇ ಇಲ್ಲ.”

“ನೋಡಿ!” ಅಂಗಡಿಯವರು ಚಪ್ಪಾಳೆ ತಟ್ಟಿದರು. “ಅವಳೇ ಒಪ್ಕೊಂಡ್ಲು.”

“ಒಪ್ಕೊಂಡಿದ್ದು ತಿರುಗಲಿಲ್ಲ ಅನ್ನೋದನ್ನ,” ಮೇಡಂ ಎದ್ದರು. “ಎದೆಯಗಲದ ಒಂದು ಪೆಟ್ಟಿಗೆ ಬೇಕಲ್ಲ ಯಜಮಾನರೆ. ಮತ್ತೆ ವಿಮಾನದ ಕೀ ಇವರಿಗೆ ಕೊಡಿ.”

“ಇವಳಿಗಾ? ತನಿಖೆ ಮುಗಿಯೋ ತನಕ—”

“ತನಿಖೆ ಮಾಡ್ತಿರೋದು ನಾನು.”

ಕೀ ಮತ್ತೆ ಕೈಗೆ ಬಂತು. ಪುಟ್ಟಿಗೆ ಸಂತೋಷವಾಗಲಿಲ್ಲ. ಅದೇ ವಿಮಾನ, ಅದೇ ದಿಂಬು, ಅದೇ ಬಾಗಿಲು. ಪಕ್ಕದ ಸೀಟಿನಲ್ಲಿ ಮೇಡಂ, ಅವರ ಮಡಿಲಲ್ಲಿ ಮಾಮ ಬಿಡಿಭಾಗ ತುಂಬಿಡುವ ಮರದ ಪೆಟ್ಟಿಗೆ. ಪುಟ್ಟಿ ಬಾಗಿ ಚಿಲಕ ಹಾಕಿದಳು. ಮೂಲೆಗೆ ತಟ್ಟಿದಳು. ಮತ್ತೆ ತಟ್ಟಿದಳು. ಸಾಲದೆಂದು ಇನ್ನೊಮ್ಮೆ ತಟ್ಟಿದಳು.

“ಎಷ್ಟು ಸಲ ತಟ್ಟೋದಮ್ಮ? ಬಾಗಿಲಿಗೂ ನೋವಾಗುತ್ತೆ,” ಎಂದರು ಮೇಡಂ.

ಮೇಲೇರಿದರು. ಕೆರೆ ಬಂತು. ವೇಗ ಅದೇ, ತಿರುವು ಅದೇ.

“ಈಗ ಬಾಗಿಲು ತೆಗೀತೀನಿ. ನೀವು ನಿನ್ನೆ ಮಾಡಿದ್ದನ್ನೇ ಮಾಡಿ. ಆದ್ರೆ ಇವತ್ತು ನಾನು ಹೇಳಿದಾಗ ಒಂದು ಸಲ ತಿರುಗಿ ನೋಡಬೇಕು.”

ಢಬ್!

ಪುಟ್ಟಿಯ ಕೈಗಳು ತಮ್ಮ ಕೆಲಸ ತಾವು ಮಾಡಿದವು. ವೇಗ ತಗ್ಗಿತು, ಮೂಗು ನೆಟ್ಟಗಾಯಿತು. ಗಾಳಿ ಅರಚುತ್ತಿತ್ತು, ವಿಮಾನ ಮಾತ್ರ ತೊಟ್ಟಿಲಿನಷ್ಟು ಸಮಾಧಾನವಾಗಿ ಹೋಗುತ್ತಿತ್ತು.

“ಈಗ ನೋಡಿ!”

ಪುಟ್ಟಿ ನೋಡಿದಳು. ಬಾಗಿಲು ಬರೀ ಗೇಣಗಲ ಬಿಟ್ಟುಕೊಂಡಿತ್ತು. ಮೇಡಂ ಪೆಟ್ಟಿಗೆಯನ್ನು ಅದಕ್ಕೆ ಒತ್ತಿ, ಭುಜ ಕೊಟ್ಟು ತಳ್ಳುತ್ತಿದ್ದರು. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಹೊರಗಿನ ಗಾಳಿ ಅದನ್ನು ಒಳಕ್ಕೇ ಒತ್ತಿ ಹಿಡಿದಿತ್ತು. ಕೀಲು ಮುಂದುಗಡೆ ಇರುವ ಬಾಗಿಲು ಹಾರುವಾಗ ಹೀಗೇ ಇರುತ್ತದೆಂದು ಅವಳು ಕಲಿತಿದ್ದಳು! ಪರೀಕ್ಷೆಯಲ್ಲಿ ಬರೆದಿದ್ದಳು ಕೂಡ! ತಪ್ಪು ತನ್ನದೇ ಎಂದು ನಂಬಿ ಕೂತವಳಿಗೆ ಕಲಿತದ್ದೂ ಮರೆತುಹೋಗಿತ್ತು.

“ಸುಳ್ಳು!” ಅವಳು ಗಾಳಿಗಿಂತ ಜೋರಾಗಿ ಕೂಗಿದಳು. “ಅವರು ಹೇಳಿದ್ದು ಸುಳ್ಳು!”

“ಮೊದಲು ಇಳಿಸಿ,” ಎಂದರು ಮೇಡಂ. “ಆಮೇಲೆ ಬೈಯಿರಿ.”

ಷೆಡ್ಡಿನ ಮುಂದೆ ಯಜಮಾನರು, ಮಾಮ, ಅಂಗಡಿಯವರು ಸಾಲಾಗಿ ನಿಂತಿದ್ದರು. ಮೇಡಂ ಪೆಟ್ಟಿಗೆ ಅಪ್ಪಿಕೊಂಡೇ ರೆಕ್ಕೆಯಿಂದಿಳಿದರು.

“ಬಾಗಿಲು ತೆರೀತು. ಪೆಟ್ಟಿಗೆ ಬೀಳಲಿಲ್ಲ. ತಳ್ಳಿದ್ರೂ ಬೀಳಲಿಲ್ಲ. ನಿಮ್ಮದು ಹೇಗೆ ಬಿತ್ತು?”

“ನಿನ್ನೆ ಗಾಳಿ ಬೇರೆ ಇತ್ತು...”

“ಬಿತ್ತು ಅಂತಲೇ ಇಟ್ಕೊಳ್ಳೋಣ. ಅಷ್ಟು ಭಾರದ ತೇಗದ ಪೆಟ್ಟಿಗೆ ಹಿಂದಿನ ಬಾಲಕ್ಕೆ ಬಡಿದೇ ಹೋಗಬೇಕು. ಒಂದು ಗೀರಿಲ್ಲ. ಗಟ್ಟಿ ಹಿತ್ತಾಳೆ ಅಂತೀರಿ. ಬೆರಳಿಗೆ ನೇತು ಹಾಕ್ಕೊಂಡು ಹತ್ತಿದ್ರಂತೆ, ಈ ಮೆಕ್ಯಾನಿಕ್ ಕಣ್ಣಾರೆ ನೋಡಿದಾರೆ. ಚೀಲದಲ್ಲಿದ್ದದ್ದು ಬರೀ ರಟ್ಟಿನ ಡಬ್ಬ. ಮಡಚಿದ್ರೆ ಗೇಣಗಲದ ಸಂದಿಯಲ್ಲಿ ಸಲೀಸಾಗಿ ಹೋಗುತ್ತೆ.”

“ಬಾಗಿಲು ನಾನು ತೆಗೆದ್ನಾ? ಇವಳು ಚಿಲಕ ಹಾಕಿಲ್ಲ!”

“ಚಿಲಕ ಹಾಕದ ಬಾಗಿಲು ನೆಲದ ಮೇಲೆ ಓಡುವಾಗಲೋ, ನೆಲ ಬಿಡುವಾಗಲೋ ಬಿಟ್ಕೊಳ್ಳುತ್ತೆ. ಕೆರೆ ಬರೋ ತನಕ ಕಾಯ್ಕೊಂಡು ಕೂರಲ್ಲ. ಕಾದೋರು ನೀವು. ಬಿದ್ದದ್ದನ್ನ ಯಾರೂ ಹುಡುಕಬಾರದು ನೋಡಿ.”

“ಊಹೆ! ಇದೆಲ್ಲ ನಿಮ್ಮ ಊಹೆ!” ಅಂಗಡಿಯವರ ಕೀಗೊಂಚಲು ಗಿಲಿಗಿಲಿ ಅಂದಿತು.

ಮೇಡಂ ಆ ಕೈಯನ್ನೇ ತೋರಿಸಿದರು. “ಆ ರೆಕ್ಕೆಯಂಥ ಕೀ ಯಾವುದರದು?”

ಗಿಲಿಗಿಲಿ ನಿಂತಿತು.

“ಗಡಿಯಾರಕ್ಕೆ ಕೀ ಕೊಡೋ ಕೀ ಅದು. ಬೆಳಿಗ್ಗೆಯಿಂದ ಎಲ್ಲರ ಕಣ್ಣ ಮುಂದೆ ಆಡಿಸ್ತಿದೀರಿ, ಯಾರೂ ಗಮನಿಸಲಿಲ್ಲ. ಗಡಿಯಾರ ತಂಗಿಗೆ ಅಂತ ಹೊರಟ ಅಣ್ಣ ಕೀ ಯಾಕೆ ತನ್ನ ಹತ್ರ ಇಟ್ಕೊಂಡ? ಗಡಿಯಾರ ರಿಪೇರಿಯವರ ಮಗ ಮರೆಯೋ ವಿಷಯವಾ ಅದು? ಮರೆವಲ್ಲ. ಆ ಕೀಗೆ ನಿಮ್ಮ ಮನೇಲಿ ಇನ್ನೂ ಕೆಲಸ ಇದೆ.”

ಅಂಗಡಿಯವರ ಮುಖ ಕಪ್ಪಿಟ್ಟಿತು. ಷೆಡ್ಡಿನ ಮೆಟ್ಟಿಲ ಮೇಲೆ ಕೂತರು.

“ಮನೇಲೇ ಇದೆ. ಮಂಚದ ಕೆಳಗೆ. ಇವತ್ತು ಬೆಳಿಗ್ಗೆಯೂ ಕೀ ಕೊಟ್ಟು ಬಂದೆ. ಅಪ್ಪನಿಗೆ ಕಣ್ಣು ಮಂಜಾದಾಗಿಂದ ಅದಕ್ಕೆ ಕೀ ಕೊಟ್ಟೋನು ನಾನು. ಅವಳು ಹಬ್ಬಹರಿದಿನಕ್ಕೂ ಬರ್ತಿರಲಿಲ್ಲ. ಕೊನೇಲಿ ಅಪ್ಪ ಅವಳ ಹೆಸರು ಹೇಳಿದ್ರು.”

ಪುಟ್ಟಿಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಮರುಗಳಿಗೆ ಸಿಟ್ಟು ಬಂತು.

“ತಂಗೀನ ಕೇಳಬಹುದಿತ್ತಲ್ಲ ಸಾರ್! ನನ್ನ ಯಾಕೆ ಹಾಳು ಮಾಡೋಕೆ ಹೊರಟ್ರಿ? ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿತ್ತು. ರಾತ್ರಿಯೆಲ್ಲ ಮನೆ ಬಾಗಿಲು ಹಾಕಿದೀನಾ ಇಲ್ವಾ ಅಂತ ಎದ್ದೆದ್ದು ನೋಡಿದೀನಿ!”

ಅಂಗಡಿಯವರು ಗೊಂಚಲಿನಿಂದ ಹಿತ್ತಾಳೆಯ ಕೀ ಬಿಡಿಸಿ ಅವಳ ಅಂಗೈಯಲ್ಲಿಟ್ಟರು.

ಹಾರುತ್ತಿದ್ದ ವಿಮಾನದ ಬಾಗಿಲು ತೆಗೆದ ತಪ್ಪಿಗೆ ಮೇಡಂ ಅವರನ್ನು ಪೊಲೀಸರಿಗೆ ಒಪ್ಪಿಸಿದರು. ಯಜಮಾನರು ಮೂರು ಸಲ ಗಂಟಲು ಸರಿಮಾಡಿಕೊಂಡರು. ಕ್ಷಮಿಸು ಅನ್ನುವ ಮಾತು ಮಾತ್ರ ಒಂದು ಸಲವೂ ಹೊರಬರಲಿಲ್ಲ. ಮಾಮ ಬಂದು ಬೆಂಚಿನಲ್ಲಿ ಪುಟ್ಟಿಯ ಪಕ್ಕ ಕೂತು, ತಮ್ಮ ಡಬ್ಬಿಯನ್ನು ಅವಳ ಕಡೆ ಸರಿಸಿದರು.

ಎರಡು ದಿನ ಬಿಟ್ಟು ಪುಟ್ಟಿ ಬೆಟ್ಟದಾಚೆಗೆ ಹೊರಟಳು. ಪಕ್ಕದ ಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡು, ಮಂಚದ ಕೆಳಗಿಂದ ಬಂದ ಗಡಿಯಾರ ಕೂತಿತ್ತು. ಅದರ ಕೀ ಅವಳ ಜೇಬಿನಲ್ಲಿತ್ತು. ಅವಳು ಬಾಗಿ ಚಿಲಕ ಹಾಕಿದಳು. ಕಟಕ್.

ಮೂಲೆಗೆ ಒಂದೇ ಒಂದು ಸಲ ತಟ್ಟಿ ಎಂಜಿನ್ ಶುರುಮಾಡಿದಳು.