ಸಿಂಪ್ಲಿ ಬಂದೆ

"ವೈ ಡು ಯು ಕಮ್ ಹಿಯರ್ ಎವ್ರಿ ಈವ್ನಿಂಗ್?" ಅಂತ ಮೇಷ್ಟ್ರು ಪರೀಕ್ಷಕರ ಗತ್ತಿನಲ್ಲಿ ಕೇಳಿದರೆ, ಅವಳು ಥಟ್ಟನೆ "ಸಿಂಪ್ಲಿ" ಅಂದುಬಿಟ್ಟಳು!

ಮೇಷ್ಟ್ರು ಅಂದರೆ ಮುದುಕನೇನಲ್ಲ ಮತ್ತೆ. ಸಂಜೆಯ ಇಂಗ್ಲಿಷ್ ಕೋಚಿಂಗಿನಲ್ಲಿ ಪಾಠ ಹೇಳುವ, ಗುಂಗುರು ಕೂದಲಿನ ಹುಡುಗ. ಆ ಪರದೇಶದ ಕ್ಲಾಸಿನಲ್ಲಿ ಕನ್ನಡ ಬರುತ್ತಿದ್ದದ್ದು ಇವರಿಬ್ಬರಿಗೇ.

"'ಸುಮ್ನೆ' ಅನ್ನೋದನ್ನ ಹಂಗೇ ಇಂಗ್ಲಿಷಿಗೆ ಎತ್ತಿಹಾಕಿದ್ರೆ ಆಗಲ್ಲ ಕಣ್ರೀ. ಸುಮ್ನೆ ಯಾರೂ ಎಲ್ಲಿಗೂ ಬರಲ್ಲ. ಕಾರಣ ಹೇಳಿ."

ಕಾರಣವಂತೆ! ಹಗಲೆಲ್ಲ ಡೇಕೇರಿನಲ್ಲಿ ಪುಟಾಣಿಗಳ ಮೂಗು ಒರೆಸಿ, ಬೂಟು ಹಾಕಿ, ಅವರ ತೊದಲು ಇಂಗ್ಲಿಷನ್ನೇ ಆಡಿ ಆಡಿ ಪಾಪ, ಅವಳ ನಾಲಿಗೆಗೂ ಮೂರೇ ವರ್ಷವಾಗಿತ್ತು. ಹೋದ ಸಲದ ಸ್ಪೀಕಿಂಗ್ ಟೆಸ್ಟಿನಲ್ಲಿ ಪರೀಕ್ಷಕಿಗೇ, ನೆಟ್ಟಗೆ ಕೂತ ಮಗುವಿಗೆ ಹೇಳುವ ಹಾಗೆ, "ಗುಡ್ ಸಿಟ್ಟಿಂಗ್!" ಅಂತ ಶಭಾಷ್‌ಗಿರಿ ಕೊಟ್ಟು ಫೇಲಾಗಿ ಬಂದಿದ್ದಳು. ಈ ಸಲ ಪಾಸಾದರೆ ಆಯಾ ಕೆಲಸ ಬಿಟ್ಟು ಟೀಚರಾಗಬಹುದು. ಇಲ್ಲದಿದ್ದರೆ ವೀಸಾ ಮುಗಿದು ಗಂಟುಮೂಟೆ ಕಟ್ಟಬೇಕು.

"ನಗಬೇಡಿ ಮೇಷ್ಟ್ರೇ."

"ಅಯ್ಯೋ, ಎಲ್ಲಿ ನಕ್ಕೆ?" ಅಂದ. ತುಟಿ ನಗದಿದ್ದರೂ ಕಣ್ಣು ನಗುತ್ತಿತ್ತು. ಆ ಕಣ್ಣು ನೋಡಿದರೆ ಕಲಿತದ್ದೆಲ್ಲ ಮರೆತುಹೋಗುತ್ತದೆ, ಅದೇ ಅವಳ ಕಷ್ಟ. ಫೇಲಾದರೆ ಈ ಕಣ್ಣೂ ಇಲ್ಲ.

ಟೆಸ್ಟಿನ ದಿನ ಪರೀಕ್ಷಕಿ, ಈ ಕೆಲಸಕ್ಕೆ ಯಾಕೆ ಬಂದೆ ಅಂತ ಕೇಳಿದಳು. 'ಸಿಂಪ್ಲಿ' ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ಗುಳಕ್ಕನೆ ನುಂಗಿದಳು. ಅಮ್ಮನಿಗಾಗಿ ಅಳುವ ಮಗು ತನ್ನ ಹೆಗಲ ಮೇಲೆ ನಿಧಾನವಾಗಿ ಸುಮ್ಮನಾಗುತ್ತದಲ್ಲ, ಆ ಗಳಿಗೆಗಾಗಿ ಅಂತ ಇಂಗ್ಲಿಷಿನಲ್ಲೇ ಬಿಡಿಸಿ ಹೇಳಿದಳು.

ಪಾಸು! ಫೋನಿನಲ್ಲಿ ಹೇಳಿದರೆ ಮೇಷ್ಟ್ರು "ಕಂಗ್ರಾಟ್ಸ್, ಇನ್ನು ಕ್ಲಾಸಿಗೆ ಬರಬೇಕಾಗಿಲ್ಲ" ಅಂದು ಇಟ್ಟೇಬಿಟ್ಟ. ಪಾಸಾದ ಖುಷಿಯೆಲ್ಲ ಅಲ್ಲೇ ಠುಸ್ಸಾಯಿತು.

ಮಾರನೇ ಸಂಜೆ ನೋಡಿದರೆ, ಮಕ್ಕಳನ್ನು ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರ ನಡುವೆ, ಡೇಕೇರಿನ ಗೇಟಿನಲ್ಲಿ ಅವನೇ!

"ಇದೇನು ಮೇಷ್ಟ್ರೇ, ಇಲ್ಲಿ?"

"ಸುಮ್ನೆ..."

ಅವಳು ಸೊಂಟದ ಮೇಲೆ ಕೈಯಿಟ್ಟಳು. "ಸುಮ್ನೆ ಯಾರೂ ಎಲ್ಲಿಗೂ ಬರಲ್ಲ. ಕಾರಣ ಹೇಳಿ."

ಊರಿಗೆಲ್ಲ ಮಾತು ಕಲಿಸುವವನು ಬೆಬ್ಬೆಬ್ಬೆ ಅಂದ. ಕಿವಿ ಕೆಂಪಾಯಿತು. ಕೊನೆಗೆ ಉಸಿರು ಎಳೆದುಕೊಂಡು, "ನಿಮ್ಮನ್ನ ನೋಡದೆ ನನಗೆ ಸಂಜೆನೇ ಆಗಲ್ಲ. ನೀವಂದ್ರೆ ಇಷ್ಟ. ಸಾಕಾ?" ಅಂದ.

"ಗುಡ್ ಟಾಕಿಂಗ್!" ಅಂದಳು. ಅಂದವಳ ಕಣ್ಣು ತುಂಬಿತ್ತು. ಮಕ್ಕಳ ಬಣ್ಣ ಮೆತ್ತಿದ ಕೈಯಲ್ಲೇ ಅವನ ಕೈ ಹಿಡಿದಳು.

"ನಾನೂ ದಿನಾ ಸಿಂಪ್ಲಿ ಬರ್ತಿರಲಿಲ್ಲ ಕಣ್ರೀ."