ಮೂರನೆಯ ಬೋಗಿಯ ನೆಮ್ಮದಿ

ಚಂಪಕಾಳ ಕಿವಿಯ ಹಿಂದೆ ಅಂಟಿಸಿದ್ದ ಬಿಲ್ಲೆ ಮೆಲ್ಲಗೆ ಒಮ್ಮೆ ಮಿಡಿಯಿತು. ಎದುರಿನ ಗೋಡೆಯ ಮೇಲೆ ಹಸಿರು ಗೆರೆಯೊಂದು ಎದ್ದು, ಸ್ವಲ್ಪ ದೂರ ತೆವಳಿ, ಸುಸ್ತಾದಂತೆ ನಿಂತುಬಿಟ್ಟಿತು.

"ಗುಬ್ಬಿ, ಐವತ್ತೊಂದು," ಎಂದರು ಡಾಕ್ಟರ್ ಇಂದುಧರ. "ತಿಪಟೂರು, ಐವತ್ತೊಂದು. ಅರಸೀಕೆರೆ..." ಕನ್ನಡಕ ಒರೆಸಿ ಮತ್ತೆ ನೋಡಿದರು. "ಅದೂ ಐವತ್ತೊಂದೇ."

"ಏನ್ ಸಾರ್ ಇದು, ಮೂರೂ ಊರಿಗೆ ಒಂದೇ ಮಾರ್ಕ್ಸ್ ಕೊಟ್ಟು ಕೂತಿದೆ ನಿಮ್ಮ ಯಂತ್ರ!" ಎಂದ ಚಂಪಕಾಳ ಗಂಡ ಓಂಕಾರ.

ಆ ಯಂತ್ರದ ಹೆಸರು ನೆಮ್ಮದಿಮಾಪಕ. ಮನುಷ್ಯನ ಬಾಯಿ ಸುಳ್ಳು ಹೇಳಬಹುದು, ಕುತ್ತಿಗೆಯ ಸ್ನಾಯು ಹೇಳಲಾರದು ಎಂಬುದು ಅದನ್ನು ಕಂಡುಹಿಡಿದ ಇಂದುಧರರ ಸಿದ್ಧಾಂತ. ಉಸಿರಿನ ಲಯ, ಚರ್ಮದ ತೇವ, ರಕ್ತದಲ್ಲಿ ಹರಿಯುವ ದುಗುಡರಸ, ಇವನ್ನೆಲ್ಲ ಆ ಪುಟ್ಟ ಬಿಲ್ಲೆ ಕ್ಷಣಕ್ಷಣವೂ ಅಳೆಯುತ್ತಿತ್ತು. ಬಂದ ಅಂಕ ನೂರಕ್ಕೆ ಹತ್ತಿರವಾದಷ್ಟೂ ಆ ಜೀವ ನೆಮ್ಮದಿಯಿಂದಿದೆ ಎಂದರ್ಥ.

ಬೆಂಗಳೂರಿನಲ್ಲಿ ಇನ್ನು ಕಾಲಿಡಲೂ ಜಾಗವಿಲ್ಲವೆಂದಾದ ಮೇಲೆ ಸರ್ಕಾರ ನೆಲೆಯೋಜನೆ ತಂದಿತ್ತು. ರೈಲುದಾರಿಯ ಸಣ್ಣ ಊರುಗಳಲ್ಲಿ ಮನೆ. ಕೆಲಸಕ್ಕೆ ಮಾತ್ರ ನಗರಕ್ಕೆ ಬಂದು ಹೋಗುವುದು. ಷರತ್ತು ಒಂದೇ. ಒಮ್ಮೆ ಆರಿಸಿದ ಊರನ್ನು ಹತ್ತು ವರ್ಷ ಬದಲಿಸುವಂತಿಲ್ಲ. ಅದಕ್ಕೇ ಆಯ್ಕೆಗೆ ಮುನ್ನ ಮೂರು ಊರುಗಳಲ್ಲಿ ತಲಾ ಒಂದು ವಾರ ಬಿಲ್ಲೆ ಅಂಟಿಸಿಕೊಂಡು ಇದ್ದುಬರುವ ಪ್ರಯೋಗವಾಸದ ಏರ್ಪಾಡು.

ಓಂಕಾರ ಹವಾಮಾನ ಯಂತ್ರಗಳಿಗೆ ಲೆಕ್ಕ ಕಟ್ಟುವವನು; ಎಲ್ಲಿ ಕೂತರೂ ನಡೆಯುತ್ತಿತ್ತು. ಚಂಪಕಾಳ ಕೆಲಸ ಹಾಗಲ್ಲ. ಕೈ ಕಳೆದುಕೊಂಡವರಿಗೆ ಕೃತಕ ಬೆರಳು ಜೋಡಿಸಿ ಪಳಗಿಸುವುದನ್ನು ದೂರದಿಂದ ಮಾಡಲಾಗದು. ನಗರಕ್ಕೆ ಬಂದ ಮೇಲೆ ಅವಳು ಬಾಡುತ್ತಾ ಹೋಗಿದ್ದಳು. ಜಗಳವಿಲ್ಲ, ಕಾಯಿಲೆಯಿಲ್ಲ, ಆದರೆ ನಗುವೂ ಇಲ್ಲ. "ನಂಗೆ ಊರು ಯಾವುದಾದ್ರೇನು ಸಾರ್, ಇವಳು ಮೊದಲಿನ ಹಾಗೆ ನಗಬೇಕು" ಎಂದು ಓಂಕಾರ ಮೊದಲ ದಿನವೇ ಇಂದುಧರರಿಗೆ ಹೇಳಿದ್ದ.

"ರೈಲಿನಲ್ಲಿದ್ದಾಗ ಎಷ್ಟು ಬಂತು?" ಎಂದು ಚಂಪಕಾ ಕೇಳಿದಳು.

"ಅದನ್ನ ಬಿಟ್ಟಿದ್ದೀವಮ್ಮ. ಪ್ರಯಾಣ, ಇಳಿದ ಮೇಲಿನ ದಣಿವಿನ ಹೊತ್ತು, ಎರಡೂ ನಷ್ಟಕಾಲ. ಸೇರಿಸಿದ್ರೆ ದೂರದ ಊರಿಗೆ ಸುಮ್ನೆ ಅನ್ಯಾಯ ಆಗುತ್ತೆ."

"ಸೇರಿಸಿ ನೋಡಿ ಸಾರ್."

ಇಂದುಧರರು ಸೇರಿಸಿದರು. ಮಲಗಿದ್ದ ಗೆರೆ ಎದ್ದು ಚಾವಣಿಗೆ ತಲೆ ತಾಗಿಸಿತು. ಬೆಳಿಗ್ಗೆ ತೊಂಬತ್ತಾರು, ಸಂಜೆ ತೊಂಬತ್ತಾರು. ಮೂರು ವಾರವೂ ಅದೇ ಕಥೆ. ಯಂತ್ರ ಕೆಟ್ಟಿದೆಯೆಂದು ಅವರು ಗೋಡೆಗೆ ಎರಡು ಬಾರಿ ತಟ್ಟಿಯೂ ನೋಡಿದರು.

"ರೈಲಲ್ಲಿ ಏನ್ಮಾಡ್ತೀರಮ್ಮ?"

"ಅವರೆಕಾಯಿ ಸುಲಿತೀವಿ."

ಮಾಗಿಯ ಕಾಲ ಅದು. ಮನೆಮನೆಯಲ್ಲೂ ಸಿಪ್ಪೆಯಂತ್ರವಿತ್ತು, ಒಂದು ಬುಟ್ಟಿ ಹಾಕಿದರೆ ಕಣ್ಣು ಮಿಟುಕಿಸುವುದರೊಳಗೆ ಬೇಳೆ ಹೊರಗೆ. ಆದರೂ ಅರಸೀಕೆರೆ ರೈಲಿನ ಮೂರನೆಯ ಬೋಗಿಯವರು ಸಂಜೆ ಕಾಯಿ ಸುಲಿಯುತ್ತಿದ್ದರು. ರಾತ್ರಿ ಮನೆಯಲ್ಲಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಸ್ಟೀಲ್ ಡಬ್ಬಿಯಲ್ಲಿ ತಂದು, ಮಾತಾಡುತ್ತಾ ಹಿತುಕುತ್ತಿದ್ದರು. ಯಾವಾಗ ಶುರುವಾಯಿತೋ ಯಾರಿಗೂ ನೆನಪಿರಲಿಲ್ಲ.

ಓಂಕಾರ ಅಂಕಗಳನ್ನೇ ನೋಡುತ್ತಿದ್ದ. "ನನ್ನ ಜೊತೆ ಐವತ್ತೊಂದು. ಅವರೆಕಾಯಿ ಜೊತೆ ತೊಂಬತ್ತಾರು," ಎಂದು ನಕ್ಕ. ಅವನ ಮೇಲೆ ಚಂಪಕಾಳಿಗೆ ಯಾವ ಬೇಸರವೂ ಇರಲಿಲ್ಲ. ಅದನ್ನು ಯಂತ್ರ ಹೇಳಲಿಲ್ಲವಲ್ಲ ಎಂದು ಸಿಟ್ಟು ಬಂತು.

ಇಂದುಧರರಿಗೆ ಮಾತ್ರ ಹಬ್ಬ. ಅವರೆಯ ಸೊಗಡಿನಲ್ಲಿ ದುಗುಡರಸವನ್ನು ಕರಗಿಸುವ ಅಂಶವಿರಬೇಕೆಂದು ಊಹಿಸಿ, ಮಾರನೆಯ ದಿನ ಪ್ರಯೋಗಾಲಯಕ್ಕೆ ಒಂದು ಮೂಟೆ ಕಾಯಿ ತರಿಸಿ ಅವಳನ್ನು ಅದರ ಮುಂದೆ ಕೂರಿಸಿದರು. ಚಂಪಕಾ ಒಬ್ಬಳೇ ಕೂತು ಸುಲಿದಳು. ಅಂಕ ನಲವತ್ತಕ್ಕೆ ಇಳಿಯಿತು. ಇಂದುಧರರು ತಲೆ ಕೆರೆದುಕೊಂಡರು. ಕೊನೆಗೆ ಬಿಲ್ಲೆಯೊಂದನ್ನು ತಮ್ಮ ಕಿವಿಗೇ ಅಂಟಿಸಿಕೊಂಡು, ಒಂದು ಸಂಜೆ ಅವಳ ಜೊತೆ ರೈಲು ಹತ್ತಿದರು.

ಕೂತು ಗಮನಿಸಬೇಕೆಂದು ಅವರ ಲೆಕ್ಕ. ಆದರೆ ಅಲ್ಲಿ ಸುಮ್ಮನೆ ಕೂರಲು ಬಿಡುವವರಾರು?

"ಏನ್ ಸ್ವಾಮಿ, ಕೈ ಕಟ್ಕೊಂಡ್ ಕೂತ್ರೆ ಕಾಯಿ ತಾನಾಗೇ ಬಾಯಿ ಬಿಡುತ್ತಾ?" ಎಂದು ರಂಗನಾಯಕಮ್ಮ ಅವರ ಮಡಿಲಿಗೆ ಒಂದು ರಾಶಿ ಸುರಿದರು. ಆಕೆ ತಿಪಟೂರಿನವರು, ಬೆಂಗಳೂರಿನಲ್ಲಿ ದೊಡ್ಡ ವಕೀಲರು, ಆ ಬೋಗಿಯ ಯಜಮಾನಿ. ಇಂದುಧರರು ಒತ್ತಿದ ಮೊದಲ ಕಾಯಿಯ ಕಾಳು ಹಾರಿ ಎದುರು ಸೀಟಿನವರ ಕನ್ನಡಕಕ್ಕೆ ಟಣ್ಣೆಂದು ಬಡಿಯಿತು. ಇಡೀ ಬೋಗಿ ಗೊಳ್ಳೆಂದಿತು. ಚಂಪಕಾ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಯಾರದೋ ಮಗಳಿಗೆ ಗಂಡು, ಇನ್ಯಾರದೋ ಮೊಣಕಾಲು ನೋವು, ಮಗದೊಬ್ಬರ ಅಧಿಕಾರಿಯ ದುರಹಂಕಾರ, ಎಲ್ಲವೂ ಆ ರಾಶಿಯ ಸುತ್ತಲೇ ಸುಲಿಯಲ್ಪಟ್ಟವು. ಗುಬ್ಬಿ ದಾಟುವಾಗ ಇಂದುಧರರು ತಮ್ಮ ಅಂಕ ನೋಡಿಕೊಳ್ಳಲು ಮರೆತರು. ಅರಸೀಕೆರೆಯಲ್ಲಿ ನೆನಪಾಗಿ ನೋಡಿದಾಗ ತೊಂಬತ್ಮೂರು.

"ವಿಷಯ ಅವರೆಕಾಯಿದಲ್ಲ," ಎಂದು ಅವರು ಮರುದಿನ ದಂಪತಿಗೆ ವಿವರಿಸಿದರು. "ನಮ್ಮ ಮನೆಗಳಲ್ಲಿ ಎಲ್ಲಾ ಕೆಲಸ ಯಂತ್ರ ಮಾಡುತ್ತೆ. ನಾವು ಒಬ್ಬೊಬ್ಬರು ಒಂದೊಂದು ಮೂಲೆ. ಹತ್ತು ಜನ ಕೂತು ಒಂದು ರಾಶಿ ಕರಗಿಸೋದಿದೆಯಲ್ಲ, ಅದು ಉಳಿದಿರೋದು ಆ ಬೋಗೀಲಿ ಮಾತ್ರ. ಇನ್ನೊಂದು ಕಂಡೆ. ಇಳಿದ ಮೇಲೂ ಅಂಕ ತಕ್ಷಣ ಬೀಳಲ್ಲ. ಪ್ರಯಾಣ ಎಷ್ಟು ಉದ್ದವೋ, ಮನೇಲಿ ಅದರ ಉಳಿಕೆ ಅಷ್ಟು ಹೊತ್ತು."

"ಅಂದ್ರೆ ಗುಬ್ಬಿ ಬೇಡ ಅಂತೀರಿ," ಎಂದ ಓಂಕಾರ ಮುಖ ಊದಿಸಿಕೊಂಡು. ಅವನ ಮನಸ್ಸು ಗುಬ್ಬಿಯ ಮೇಲಿತ್ತು. ಹತ್ತಿರದ ಊರು, ಹೆಂಡತಿ ಬೇಗ ಮನೆ ಸೇರುತ್ತಾಳೆ.

ಚಂಪಕಾ ಅವನ ಕೈ ಹಿಡಿದಳು. "ನಿಮ್ಮನ್ನ ಬಿಟ್ಟಿರಕ್ಕೆ ಖುಷಿ ಅಂತ ತಿಳ್ಕೊಂಡ್ರಾ? ನಾನು ಅಲ್ಲಿ ನಕ್ಕಾಗೆಲ್ಲ ಇದನ್ನ ನಿಮಗೆ ಹೇಳ್ಬೇಕು ಅಂತ ಅನ್ಸುತ್ತೆ ಕಣ್ರೀ. ಮನೆ ಸೇರೋ ಹೊತ್ತಿಗೆ ನೀವು ನಿಮ್ಮ ಮೋಡಗಳ ಲೆಕ್ಕದಲ್ಲಿ ಮುಳುಗಿರ್ತೀರ. ಬಾಯಿಗೆ ಬಂದಿದ್ದು ವಾಪಸ್ ಹೋಗುತ್ತೆ."

ಓಂಕಾರ ಎದ್ದು ಹೋಗಿ, ಗೋಡೆಯ ಆಯ್ಕೆಪಟ್ಟಿಯಲ್ಲಿ ತಾನೇ ಅರಸೀಕೆರೆಯ ಗುಂಡಿ ಒತ್ತಿದ. ಹತ್ತು ವರ್ಷದ ಮಾತು. ಅವನ ಮೇಲೆ ಅವಳಿಗೆ ಮದುವೆಯ ಹೊಸದರಲ್ಲಿ ಇದ್ದಷ್ಟೇ ಪ್ರೀತಿ ಉಕ್ಕಿತು.

ಸುದ್ದಿ ಹಬ್ಬಿತು. ಹತ್ತಿರದ ಊರಿಗೆ ನೂಕುನುಗ್ಗಲಾದೀತೆಂದು ಸರ್ಕಾರ ಗುಬ್ಬಿಯಲ್ಲಿ ಸಾಲುಸಾಲು ಮನೆ ಕಟ್ಟಿಸಿತ್ತು. ಮೊದಲು ತುಂಬಿದ್ದು ಅರಸೀಕೆರೆ. ಇಪ್ಪತ್ತು ನಿಮಿಷದಲ್ಲಿ ಮುಟ್ಟಿಸುವ ಕೊಳವೆಬಂಡಿಯ ಯೋಜನೆ ಪ್ರಕಟವಾದಾಗ ಬೇಡವೆಂದು ಜನ ಗಲಾಟೆ ಮಾಡಿದರು. ಅವರೆಕಾಯಿ ಮುಗಿಯುವ ತನಕ ಈಗಿರುವ ಗಾಡಿಯನ್ನೂ ತುಸು ನಿಧಾನ ಬಿಡಬೇಕೆಂದು ರಂಗನಾಯಕಮ್ಮನೇ ವಾದ ಹೂಡಿದರು. ರೈಲು ತಡವಾಗಿ ಬರಲಿ ಎಂದು ಪ್ರಯಾಣಿಕರು ಕೇಳಿದ್ದು ಅದೇ ಮೊದಲಿರಬೇಕು.

ಹೊಸ ಮನೆಯ ಮೊದಲ ಸೋಮವಾರ ಓಂಕಾರ ಹೆಂಡತಿಯನ್ನು ಸ್ಟೇಷನ್ನಿನವರೆಗೆ ಬಿಡಲು ಬಂದ. ಗಾಡಿ ಸೀಟಿ ಹಾಕಿತು. ಅವನು ಮನೆಗೆ ಹಿಂತಿರುಗಲಿಲ್ಲ. ಒಳಗೆ ಬಂದು ಅವಳ ಪಕ್ಕ ಒತ್ತಿಕೊಂಡು ಕೂತು, ಹೊಸ ಪಾಸನ್ನು ಜೇಬಿಗಿಟ್ಟುಕೊಂಡ.

"ಬೆಂಗಳೂರಲ್ಲಿ ಏನ್ ಕೆಲಸಾರೀ ನಿಮಗೆ?" ಎಂದಳು ಚಂಪಕಾ, ಕಣ್ಣು ಕಣ್ಣು ಬಿಟ್ಟು.

"ಏನೂ ಇಲ್ಲ," ಎಂದ ಓಂಕಾರ. "ಇದೇ ಗಾಡೀಲಿ ವಾಪಸ್. ಸಂಜೆ ಮತ್ತೆ ಬಂದು ಕರ್ಕೊಂಡು ಹೋಗ್ತೀನಿ."

"ಮೋಡದ ಲೆಕ್ಕ?"

"ವಾಪಸ್ ಹೋಗ್ತಾ ಕಟ್ತೀನಿ. ಆಗ ಬೋಗಿ ಖಾಲಿ ಇರುತ್ತಲ್ಲ."

"ಖಾಲಿ ಎಲ್ಲಿರುತ್ತೆ?" ಎಂದರು ತಿಪಟೂರಿನಲ್ಲಿ ಹತ್ತಿ ಈ ಕಥೆ ಕೇಳಿದ ರಂಗನಾಯಕಮ್ಮ, ಅವನ ಮುಂದೆ ಬಟ್ಟಲಿಡುತ್ತಾ. "ಕೆಲಸ ಇಲ್ದೆ ಹೋಗಿ ಬರೋರೇ ಅರ್ಧ ಗಾಡಿ ಇದ್ದಾರೆ. ಅಗೋ ಆ ಮೂಲೇಲಿ ನೋಡಿ."

ಮೂಲೆಯಲ್ಲಿ ಪ್ಯಾಂಟು ಮಡಚಿಕೊಂಡು, ಮಡಿಲಲ್ಲಿ ಡಬ್ಬಿಯಿಟ್ಟುಕೊಂಡು ಡಾಕ್ಟರ್ ಇಂದುಧರರು ಕೂತಿದ್ದರು. ಅವರ ಮನೆಯಿದ್ದದ್ದು ಬೆಂಗಳೂರಿನಲ್ಲೇ, ಪ್ರಯೋಗಾಲಯದ ಎದುರು ರಸ್ತೆಯಲ್ಲಿ.